ಗೋವಾದ ಹಾದಿ ಕಂಡವನ ಮೂರ್ತಿ

ನಮ್ಮ ಕಾಕಾನ ಮೂರ್ತಿಯ ಕೆಳಗೆ ಬರೆಯಬೇಕಾದ ನಾಲ್ಕು ಸಾಲಿನಲ್ಲಿ ಮೊದಲ ಶಬ್ದವನ್ನೇ ನಾನು ತಪ್ಪು ಬರೆದೆ. ರಾಮದುರ್ಗದ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಕಲಿಸಿ, ಕಂಡವರ ತಪ್ಪಿಗೆಲ್ಲ ಕೆಂಪು ಗೆರೆ ಎಳೆದವಳು ನಾನು. ನಿವೃತ್ತಿಯಾಗಿ ಬೈಲಹೊಂಗಲದಲ್ಲಿ ಬಂದು ಕೂತ ಮೇಲೂ ಅಂಗಡಿಗಳ ಬೋರ್ಡು ಓದಿ ಸಿಡಿಮಿಡಿಗೊಳ್ಳುವ ಚಟ ಬಿಟ್ಟಿಲ್ಲ. ಆದರೂ ತಪ್ಪಿದೆ. ಕಾಗುಣಿತ ಸರಿಯಾಗಿಯೇ ಇತ್ತು. ಯಾರನ್ನೂ ಕೇಳದೆ ‘ದಿವಂಗತ’ ಎಂದು ಬರೆದುಬಿಟ್ಟಿದ್ದೆ.

ಬರೆಸಿಕೊಳ್ಳಲು ಬಂದವರು ಗೋವಾದವರು. ಗೋವಾದವರು ಎಂದರೆ ಬೇರೆ ಯಾರೂ ಅಲ್ಲ, ನಮ್ಮವರೇ. ಸವದತ್ತಿ, ರಾಮದುರ್ಗ, ಬೈಲಹೊಂಗಲದ ಹಳ್ಳಿಗಳ ಹೊರಗೇರಿಗಳಿಂದ ಐವತ್ತು ವರ್ಷದ ಹಿಂದೆ ಘಟ್ಟ ಇಳಿದು ಹೋಗಿ, ಅಲ್ಲಿಯ ಬಂದರಿನ ಊರಿನಲ್ಲಿ ಮೊದಲು ತಗಡಿನ ಗುಡಿಸಲು, ಆಮೇಲೆ ಇಟ್ಟಿಗೆಯ ಗೋಡೆ, ಆಮೇಲೆ ಮಾಳಿಗೆ ಕಟ್ಟಿಕೊಂಡವರು. ಹೋದವರು ಹಮಾಲರಾಗಿ, ಗೌಂಡಿಗಳಾಗಿ ದುಡಿದರು. ಅವರ ಮಕ್ಕಳಲ್ಲಿ ಈಗ ಟ್ಯಾಕ್ಸಿಯವರಿದ್ದಾರೆ, ನರ್ಸುಗಳಿದ್ದಾರೆ, ಒಬ್ಬ ವಕೀಲನೂ ಇದ್ದಾನೆ. ಅಲ್ಲಿಯವರ ಬಾಯಲ್ಲಿ ಇವರು ಇವತ್ತಿಗೂ ‘ಘಾಂಟಿ’ಗಳು, ಘಟ್ಟದ ಮೇಲಿನಿಂದ ಬಂದವರು. ಇಲ್ಲಿಗೆ ಬಂದರೆ ನಮ್ಮ ಮಂದಿ ಇವರನ್ನು ಗೋವಾದವರು ಎನ್ನುತ್ತಾರೆ. ಎರಡೂ ಕಡೆ ಹೊರಗಿನವರೇ.

ಅವರದೊಂದು ಸಂಘವಿದೆ. ಅದರ ಮುಖ್ಯಸ್ಥ ಕಟ್ಟಡ ಕಟ್ಟಿಸುವ ಗುತ್ತಿಗೆದಾರ, ನಲವತ್ತೈದರ ಆಸುಪಾಸಿನವನು, ಹುಟ್ಟಿದ್ದೂ ಬೆಳೆದದ್ದೂ ಅಲ್ಲೇ. ಸಂಘದವರೆಲ್ಲ ಕೂಡಿ ಚಂದಾ ಹಾಕಿ, ಘಟ್ಟದ ಹಾದಿಯನ್ನು ಮೊಟ್ಟಮೊದಲು ಹುಡುಕಿಕೊಟ್ಟವನ ಮೂರ್ತಿಯನ್ನು ಹುಟ್ಟಿದೂರಿನ ಕ್ರಾಸಿನಲ್ಲಿ ನಿಲ್ಲಿಸಬೇಕೆಂದು ಠರಾವು ಮಾಡಿದ್ದರು. ಆ ಮೊಟ್ಟಮೊದಲಿನವನು ನನ್ನ ಕಾಕಾ, ನನ್ನ ಅಪ್ಪನ ತಮ್ಮ.

ಕಾಕಾನ ಕತೆ ನಮ್ಮ ಕಡೆಯ ಕೇರಿಗಳಲ್ಲಿ ಎಲ್ಲರಿಗೂ ಬಾಯಿಪಾಠ. ಆಗ ನಮ್ಮ ಕೇರಿಯ ಮಂದಿಗೆ ಊರಿನ ಜಮೀನುದಾರರಾದ ವಾಡೆಯವರ ಚಾಕರಿ ಬಿಟ್ಟರೆ ಬೇರೆ ಬದುಕಿರಲಿಲ್ಲ. ಕರೆದಾಗ ಹಲಗೆ ಬಾರಿಸಬೇಕು, ಕೊಟ್ಟಿಗೆ ಬಳಿಯಬೇಕು, ಸತ್ತ ದನ ಎಳೆಯಬೇಕು. ನನ್ನ ಅಪ್ಪ ಹೇಗೋ ಬೈಲಹೊಂಗಲದ ಹತ್ತಿ ಗಿರಣಿಗೆ ಹಮಾಲನಾಗಿ ಸೇರಿ ಪಾರಾಗಿದ್ದ. ಕಾಕಾ ಒಂದು ದಿನ ಹಲಗೆಯನ್ನು ಗೋಡೆಗೆ ತೂಗುಹಾಕಿ, ಬುತ್ತಿ ಕಟ್ಟಿಕೊಂಡು ಪಶ್ಚಿಮಕ್ಕೆ ಮುಖ ಮಾಡಿ ನಡೆದ. ರೈಲಿತ್ತು, ಟಿಕೆಟ್ಟಿಗೆ ದುಡ್ಡಿರಲಿಲ್ಲ. ಕಿತ್ತೂರು ದಾಟಿ, ಬೀಡಿ, ನಂದಗಡ ಹಿಡಿದು, ಲೋಂಡಾದ ಕಾಡು ಹೊಕ್ಕು, ಅನಮೋಡ ಘಾಟ ಇಳಿದು ಸಮುದ್ರ ಕಂಡ. ನಾಲ್ಕು ತಿಂಗಳಿಗೆ ಒಣಮೀನು ಕಟ್ಟಿಕೊಂಡು ತಿರುಗಿ ಬಂದು, ಅಲ್ಲಿ ಯಾರೂ ನಿನ್ನ ಕೇರಿ ಯಾವುದು ಎಂದು ಕೇಳುವುದಿಲ್ಲ, ಎಷ್ಟು ಭಾರ ಎತ್ತುತ್ತೀ ಎಂದಷ್ಟೇ ಕೇಳುತ್ತಾರೆ ಎಂದು ಹೇಳಿದನಂತೆ. ಉಳಿಯುವ ತಾವು ಗೊತ್ತುಮಾಡಲು ಮತ್ತೆ ಮುಂದಾಗಿ ಹೋದ. ಹಿಂದಿನಿಂದ ಹದಿನಾಲ್ಕು ಮನೆಯವರು ಹೋದರು. ಅವರು ಹೋಗಿ ಮುಟ್ಟುವಷ್ಟರಲ್ಲಿ ಕಾಕಾ ಹಡಗು ಹತ್ತಿ ಇನ್ನೂ ಮುಂದೆ ಹೋಗಿದ್ದ. ಮುಂಬೈ, ಏಡನ್, ಆಫ್ರಿಕಾದ ದಂಡೆ, ಎಲ್ಲೆಲ್ಲಿಂದಲೋ ಕಾಗದ ಬರುತ್ತಿದ್ದವು. ಕೆಲವು ವರ್ಷಕ್ಕೆ ಅವೂ ನಿಂತವು. ನಮ್ಮ ಕುಲದಲ್ಲಿ ಹಡಗು ಹತ್ತಿದ ಮೊದಲ ಮನುಷ್ಯ ಎಂದು ನಾನು ವರ್ಗದಲ್ಲಿ ಎಷ್ಟು ಸಲ ಜಂಬ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ.

ಆ ಕಾಗದ ಬರುತ್ತಿದ್ದದ್ದು ಕಾಕಾನ ಹೆಂಡತಿಗೆ, ನನ್ನ ಚಿಗವ್ವನಿಗೆ. ಅವಳಿಗೆ ಓದಲು ಬಾರದು. ಕಿತ್ತೂರಿನ ಸಂತೆಯಲ್ಲಿ ಯಾರಿಂದಲೋ ಓದಿಸಿಕೊಂಡು ಬಂದು ನಮಗೆ ಹೇಳುತ್ತಿದ್ದಳು. ಈಗವಳಿಗೆ ಎಪ್ಪತ್ತು ದಾಟಿ ನಾಲ್ಕೈದು ವರ್ಷವಾಗಿರಬೇಕು. ಆ ಕ್ರಾಸಿನಲ್ಲೇ, ಬಸ್ ನಿಲ್ಲುವ ಬೇವಿನ ಮರದ ಕೆಳಗೆ, ಬುಟ್ಟಿ ಇಟ್ಟುಕೊಂಡು ಹುರಿದ ಶೇಂಗಾ ಮಾರುತ್ತಾಳೆ. ಬಾಯಿ ಜೋರು. ಕೇಳದೆ ನಾಲ್ಕು ಶೇಂಗಾ ಎತ್ತಿ ಬಾಯಿಗೆ ಹಾಕಿಕೊಂಡ ಕಂಡಕ್ಟರನಿಗೆ ಅವನ ಮೂರು ತಲೆಮಾರಿನ ಉದ್ಧಾರ ಮಾಡಿ ಕಳಿಸುತ್ತಾಳೆ. ಹಣೆಯ ಮೇಲೆ ಕಾಸಿನಗಲ ಕುಂಕುಮ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಐವತ್ತು ವರ್ಷದಿಂದ ಗಂಡನ ಮುಖ ಕಾಣದಿದ್ದರೂ ಅವಳು ಮುತ್ತೈದೆ.

ಇಲ್ಲಿ ನನ್ನ ಮನಸ್ಸಿನ ಹುಳುಕನ್ನೂ ಹೇಳಿಬಿಡಬೇಕು. ಆ ಬಳೆಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಗಂಡ ಮೂವತ್ತು ವರ್ಷ ನನ್ನ ಜೊತೆ ಒಂದೇ ಸೂರಿನಡಿ ಬಾಳಿದವರು, ಒಂದು ದಿನವೂ ಹೇಳದೆ ಊರು ಬಿಟ್ಟವರಲ್ಲ. ಏಳು ವರ್ಷದ ಹಿಂದೆ ತೀರಿಕೊಂಡರು. ಅವರ ಮನೆಯವರು ಹಳೇ ಪದ್ಧತಿಯವರು. ಮೂರನೇ ದಿನ ಹೆಂಗಸರು ಬಂದು ನನ್ನ ಬಳೆ ಒಡೆದರು. ನನ್ನ ಅಪ್ಪ ಬೌದ್ಧ ಧರ್ಮಕ್ಕೆ ಸೇರಿದವನು, ಇದನ್ನೆಲ್ಲ ಒಪ್ಪದವನು. ಅಂಥವನ ಮಗಳಾಗಿ, ಕಲಿತ ಟೀಚರಾಗಿ, ನಾನು ಬಾಯಿ ಮುಚ್ಚಿಕೊಂಡು ಕೈ ಮುಂದೆ ಚಾಚಿದ್ದೆ. ಜೊತೆಯಲ್ಲೇ ಬಾಳಿದವನ ಹೆಂಡತಿ ಬರಿಗೈಯವಳು, ಓಡಿಹೋದವನ ಹೆಂಡತಿ ಮುತ್ತೈದೆ, ಇದ್ಯಾವ ನ್ಯಾಯ ಎಂದು ಒಳಗೇ ಕುದಿಯುತ್ತಿದ್ದೆ.

ಅದಕ್ಕೇ ಇರಬೇಕು, ‘ದಿವಂಗತ’ ಎಂದು ಬರೆಯುವಾಗ ನನ್ನ ಕೈ ತಡೆಯಲಿಲ್ಲ. ನಮ್ಮ ಕಡೆ ಯಾರದಾದರೂ ಮೂರ್ತಿ ನಿಲ್ಲಿಸುತ್ತಾರೆಂದರೆ ಅವರು ಸತ್ತಿರಲೇಬೇಕು. ಸಂಘದ ಹುಡುಗರಿಗೂ ಬೇರೆ ವಿಚಾರ ಬರಲಿಲ್ಲ. ಕಾಕಾನ ಫೋಟೊ ಇರಲಿಲ್ಲವೆಂದು ನನ್ನ ಅಪ್ಪನ ಫೋಟೊ ನೋಡಿ ಮುಖ ಬರೆಸಿದ್ದರು. ಆ ಚಿತ್ರಕ್ಕೆ ಕಂಪ್ಯೂಟರಿನಲ್ಲೇ ಒಂದು ದಪ್ಪ ಹೂವಿನ ಹಾರ ಹಾಕಿ, ಮೇಲೆ ನನ್ನ ನಾಲ್ಕು ಸಾಲು ಅಚ್ಚು ಮಾಡಿಸಿ, ದೊಡ್ಡದೊಂದು ಬ್ಯಾನರನ್ನು ಕ್ರಾಸಿನ ಬೇವಿನ ಮರಕ್ಕೇ ಕಟ್ಟಿ ಹೋದರು.

ಚಿಗವ್ವನಿಗೆ ಅಕ್ಷರ ಬಾರದು ನಿಜ. ಆದರೆ ಬ್ಯಾನರಿನ ಭಾಷೆ ಯಾರಿಗೆ ಬಾರದು? ಹಾರವಿಲ್ಲದಿದ್ದರೆ ಹುಟ್ಟುಹಬ್ಬ, ಹಾರವಿದ್ದರೆ ಸಾವು. ಮರುದಿನ ಬೆಳಿಗ್ಗೆ ಶೇಂಗಾ ಬುಟ್ಟಿ ಇಳಿಸಿದವಳು ತಲೆಯೆತ್ತಿ ನೋಡಿದ್ದಾಳೆ. ಮನೆಗೆ ಹೋಗಿ ಕುಡುಗೋಲು ತಂದು, ಚಹಾದಂಗಡಿಯ ಸ್ಟೂಲು ಎಳೆದುಕೊಂಡು ಹತ್ತಿ, ಚಿತ್ರದಿಂದ ಹಾರವನ್ನಷ್ಟೇ ಸುತ್ತಲೂ ಕೊಯ್ದು ತೆಗೆದಿದ್ದಾಳೆ. ಚಹಾದಂಗಡಿಯವನು ಫೋನು ಮಾಡಿದ ಮೇಲೆ ನಾನು ಹೋಗಿ ನೋಡಿದರೆ, ಕಾಕಾನ ಮುಖ ಹಾಗೇ ಇತ್ತು. ಕೊರಳಿದ್ದಲ್ಲಿ ಆಚೆಯ ಹೊಲ ಕಾಣುತ್ತಿತ್ತು.

ಅವಳು ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆದರಿಕೆಯಾಯಿತು. ಶೇಂಗಾ ಅಳೆದು ಕೊಡುತ್ತ, ಇದನ್ನ ಬರೆದವರು ಯಾರು ಎಂದು ಕೇಳಿದಳು. ನಾನೇ ಎಂದೆ. ಹ್ಞೂಂ ಎಂದು ಮುಂದಿನ ಗಿರಾಕಿಯ ಕಡೆ ಹೊರಳಿದಳು.

ತೊಂದರೆ ಅಷ್ಟಕ್ಕೇ ಮುಗಿಯಲಿಲ್ಲ. ಮೂರ್ತಿ ನಿಲ್ಲಿಸಲು ಪಂಚಾಯಿತಿಯ ಪರವಾನಗಿ ಬೇಕು. ಪಿಡಿಓ ಕಾಗದಪತ್ರ ನೋಡಿ, ಬದುಕಿರುವವರ ಮೂರ್ತಿಗೆ ಪರವಾನಗಿ ಕೊಡಲು ಬರುವುದಿಲ್ಲ, ಮರಣದ ದಾಖಲೆ ತನ್ನಿ ಎಂದರು. ದಾಖಲೆ ಎಲ್ಲಿಂದ ಬರಬೇಕು? ವಕೀಲರನ್ನು ಕೇಳಿದರೆ, ಬಹಳ ವರ್ಷದಿಂದ ಸುದ್ದಿಯಿಲ್ಲದವರನ್ನು ಸತ್ತವರೆಂದು ಕೋರ್ಟಿನಿಂದ ಹೇಳಿಸಬಹುದು, ಅದಕ್ಕೆ ಹೆಂಡತಿಯೇ ಅರ್ಜಿ ಹಾಕಬೇಕು ಎಂದರು. ಅಂದರೆ ಇಡೀ ಕೆಲಸ ಬಂದು ನಿಂತದ್ದು ಚಿಗವ್ವನ ಹೆಬ್ಬೆಟ್ಟಿನ ಮೇಲೆ. ಅವಳು ಒತ್ತಿದರೆ ಮೂರ್ತಿ ನಿಲ್ಲುತ್ತದೆ, ಅವಳು ವಿಧವೆಯಾಗುತ್ತಾಳೆ. ಒತ್ತದಿದ್ದರೆ ಬಳೆ ಉಳಿಯುತ್ತವೆ, ಮೂರ್ತಿ ಇಲ್ಲ.

ಅವಳು ಒಲ್ಲೆ ಎಂದಳು. ಗುತ್ತಿಗೆದಾರ ಗೋವಾದಿಂದ ಮೂರು ಸಲ ಬಂದು ಹೋದ. ಮೂರ್ತಿ ಆಗಲೇ ತಯಾರಾಗಿ ಶಿಲ್ಪಿಯ ಅಂಗಳದಲ್ಲಿ ಗೋಣಿತಟ್ಟು ಸುತ್ತಿಕೊಂಡು ಬಿದ್ದಿತ್ತು. ಕರಿಕಲ್ಲಿನದು, ಆಳೆತ್ತರದ್ದು, ಹೆಗಲ ಮೇಲೆ ಗಂಟು, ಒಂದು ಕೈಯಲ್ಲಿ ಹಡಗಿನ ಗೊಂಬೆ. ಮೂರನೇ ಸಲ ಅವನು ನನ್ನ ಮನೆಗೆ ಬಂದು ಖುರ್ಚಿಯ ತುದಿಗೆ ಕೂತ.

“ಅಕ್ಕೋರ, ನಮಗ ಗೋವಾದಾಗ ಮನಿ ಐತಿ, ರೇಷನ್ ಕಾರ್ಡ್ ಐತಿ, ಎಲ್ಲಾ ಐತಿ,” ಎಂದ. “ಖರೆ, ಜಗಳ ಬಂದಾಗೊಮ್ಮೆ ಎಲ್ಲಿಂದ ಬಂದೀರಿ ಅಲ್ಲಿಗೆ ಹೋಗ್ರಿ ಅಂತಾರ. ಎಲ್ಲಿಗೆ ಹೋಗೂಣ್ರಿ? ಇಲ್ಲಿ ನಮ್ಮ ಹೆಸರಿನ್ಯಾಗ ಒಂದ ಕಲ್ಲ ಸೈತ ಇಲ್ಲ.”

ನನಗೆ ಸಂಕಟವಾಯಿತು. ಆಯ್ತು, ನಾನೇ ಒಪ್ಪಿಸುತ್ತೇನೆ ಎಂದು ಬೀಗಿ ಹೇಳಿ ಕಳಿಸಿದೆ.

ಒಂದು ತಿಂಗಳು ಅವಳ ಹಿಂದೆ ಬಿದ್ದೆ. ಬೈಲಹೊಂಗಲದಿಂದ ಬಸ್ಸು ಹಿಡಿದು ಹೋಗುವುದು, ಬುಟ್ಟಿಯ ಪಕ್ಕ ಕೂರುವುದು, ಕಾಯ್ದೆ ಹೇಳುವುದು, ನಯವಾಗಿ ಹೇಳುವುದು, ಹೆದರಿಸುವುದು. ಅವಳು ಶೇಂಗಾದಲ್ಲಿನ ಹರಳು ಆರಿಸುತ್ತ, ಬ್ಯಾರೆ ಮಾತಿದ್ರ ಆಡು ಎನ್ನುತ್ತಿದ್ದಳು. ಕಡೆಗೊಂದು ಮಧ್ಯಾಹ್ನ, ಬಿಸಿಲಿಗೆ ಕ್ರಾಸು ಬಿಕೋ ಎನ್ನುವಾಗ, ನನ್ನ ತಾಳ್ಮೆ ಹರಿದುಹೋಯಿತು. ಏಳು ವರ್ಷದಿಂದ ಒಳಗಿಟ್ಟುಕೊಂಡದ್ದೆಲ್ಲ ಹೊರಗೆ ಬಂತು. ನಿನ್ನ ಕೈಯಲ್ಲಿ ಬಳೆ ಯಾವ ಸುಖಕ್ಕಿವೆ, ಅವನು ನಿನ್ನ ಬಿಟ್ಟು ಹೋದವನು, ಎಲ್ಲೋ ಯಾವುದೋ ದಂಡೆಯಲ್ಲಿ ಸತ್ತು ಮಣ್ಣಾಗಿದ್ದಾನೆ, ಅದನ್ನು ಒಪ್ಪಿಕೊಳ್ಳುವ ಧೈರ್ಯ ನಿನಗಿಲ್ಲ ಎಂದು ಅಂದೇಬಿಟ್ಟೆ. ಅಂದ ಮರುಕ್ಷಣ ನಾಲಿಗೆ ಕಚ್ಚಿಕೊಂಡೆ.

ಚಿಗವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

“ಸತ್ತಾನಂತ ನನಗ ಗೊತ್ತೈತಿ,” ಎಂದಳು. “ನೀ ಅವಾಗ ನಾಕನೇ ಇಯತ್ತೆ ಇದ್ದಿ. ಅವತ್ತಿಂದ ಗೊತ್ತೈತಿ.”

ಆಮೇಲೆ ಅವಳು ಹೇಳಿದ್ದನ್ನು ನಾನು ಹಾಗೇ ಬರೆಯುತ್ತಿದ್ದೇನೆ. ಕಾಕಾ ಎರಡನೇ ಸಲ ಹೋದದ್ದು ಶ್ರಾವಣದಲ್ಲಿ. ದೀಪಾವಳಿ ಮುಗಿಸಿ ಹಿಂದಿನಿಂದ ಎಲ್ಲರೂ ಹೊರಡುವುದೆಂದು ಮಾತಾಗಿತ್ತು. ಅದಕ್ಕೆ ಮುಂಚೆ ಒಂದು ದಿನ ಚಿಗವ್ವ ಕಿತ್ತೂರಿನ ಸಂತೆಗೆ ಹೋಗಿದ್ದಳು. ಅಲ್ಲಿ ಬೆಣ್ಣೆ ಮಾರಲು ಬಂದ ಕಾಡಿನ ಗೌಳಿಯೊಬ್ಬ ನಮ್ಮ ಊರಿನವರು ಯಾರಾದರೂ ಇದ್ದಾರೆಯೇ ಎಂದು ಕೇಳಿಕೊಂಡು ತಿರುಗುತ್ತಿದ್ದ. ಅವನ ಕೈಯಲ್ಲಿ ಕಾಕಾನ ಗಂಟಿತ್ತು. ಮೊದಲ ಸಲ ಹೋಗುವಾಗಲೂ ಬರುವಾಗಲೂ ಕಾಕಾ ಅವನ ಗುಡಿಸಲಲ್ಲೇ ತಂಗಿದ್ದನಂತೆ. ಈ ಸಲ ಘಟ್ಟ ಇನ್ನೂ ಇಳಿದಿರಲಿಲ್ಲ. ಮಳೆಗೆ ಉಕ್ಕಿದ ಹಳ್ಳ ದಾಟಲು ಹೋಗಿ ಸೆಳವಿಗೆ ಸಿಕ್ಕಿದ್ದ. ಎರಡು ದಿನದ ಮೇಲೆ ಹೆಣ ಸಿಕ್ಕಿತು. ಗೌಳಿ ತಾನೇ ಕುಣಿ ತೋಡಿ ಹಳ್ಳದ ದಂಡೆಗೆ ಮಣ್ಣು ಮಾಡಿದ್ದ.

ಚಿಗವ್ವನಿಗಾಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಸಂತೆಯ ದನಗಳ ಸಾಲಿನ ಹಿಂದೆ ಹೋಗಿ ಹೊತ್ತು ಇಳಿಯುವ ತನಕ ಕೂತಳಂತೆ. ಗಂಟು ಸೆರಗಿನಲ್ಲಿ ಕಟ್ಟಿಕೊಂಡು ಕೇರಿಗೆ ಬಂದರೆ, ಹದಿನಾಲ್ಕು ಮನೆಯವರೂ ಹೊರಡುವ ಸಡಗರದಲ್ಲಿದ್ದರು. ಬೀಸುವ ಕಲ್ಲು ಕೊಟ್ಟವರು, ಬಾಗಿಲ ಹಲಗೆ ಕಿತ್ತು ಮಾರಿದವರು. ಹೋದವನು ತಿರುಗಿ ಬರುವುದಿಲ್ಲ ನೋಡುತ್ತಿರಿ ಎಂದು ವಾಡೆಯವರು ಎರಡು ತಿಂಗಳಿಂದ ಹೇಳುತ್ತಲೇ ಇದ್ದರು.

“ನಾ ಅವತ್ತ ಆ ಗಂಟ ಬಿಚ್ಚಿದ್ನೆಂದ್ರ ಹದಿನಾಕ ಮನಿ ಹಾದಿ ಮುಚ್ಚತಿತ್ತು,” ಎಂದಳು. “ಮತ್ತ ಎಲ್ಲಾರೂ ಹಲಗಿ ಹಿಡಕೊಂಡ ವಾಡೇದ ಬಾಗಲಿಗೆ ಹೋಗಿ ನಿಂದ್ರತಿದ್ರು. ಅಂವಾ ಸತ್ತದ್ದೂ ಸುಮ್ಮನ ಆಕ್ಕಿತ್ತು.”

ಅದಕ್ಕೆ ಅವಳು ಬಳೆ ಒಡೆಯಲಿಲ್ಲ. ಕಾಗದ ಬಂದಿದೆ, ಅವನಿಗೆ ಹಡಗಿನ ಕೆಲಸ ಸಿಕ್ಕಿ ಮುಂದೆ ಹೋಗಿದ್ದಾನೆ, ನೀವು ಬರಬೇಕಂತೆ ಎಂದು ಕೇರಿಯ ನಡುವೆ ನಿಂತು ಹೇಳಿದಳು. ಮೊದಲ ಸಲ ಬಂದಾಗ ಕಾಕಾ ಅವಳಿಗೆ ಹಾದಿಯ ಗುರುತುಗಳನ್ನೆಲ್ಲ ಹೇಳಿದ್ದ. ಎಲ್ಲಿ ಹೊರಳಬೇಕು, ಎಲ್ಲಿ ನೀರು, ಬಂದರಿನಲ್ಲಿ ಹಮಾಲರ ಯಾವ ಮುಕಾದಮನನ್ನು ಕೇಳಬೇಕು, ಯಾವ ಹಳ್ಳ ಎಲ್ಲಿ ದಾಟಬೇಕು. ಅದನ್ನೆಲ್ಲ ಅವಳು ಆ ಮಂದಿಗೆ ಬಾಯಿಪಾಠ ಮಾಡಿಸಿ ಕಳಿಸಿದಳು. ತಾನು ಮಾತ್ರ ಹೋಗಲಿಲ್ಲ. ಹೋದರೆ ಗಂಡನನ್ನು ಹುಡುಕುವ ನಾಟಕ ಆಡಬೇಕಾಗುತ್ತಿತ್ತು, ಅದು ತನ್ನ ಕೈಲಾಗುತ್ತಿರಲಿಲ್ಲ ಎಂದಳು.

ಹಾಗಾದರೆ ಏಡನ್, ಆಫ್ರಿಕಾ ಎಲ್ಲ ಎಲ್ಲಿಂದ ಬಂದವು ಎಂದು ಕೇಳಿದೆ.

“ನಿನ್ನ ಭೂಗೋಳದ ಪುಸ್ತಕದಾಗಿಂದ. ಮತ್ತೆಲ್ಲಿಂದ ಬರಬೇಕ?”

ನಾನು ಗಟ್ಟಿಯಾಗಿ ಓದುವ ಹುಡುಗಿ. ಪಡಸಾಲೆಯಲ್ಲಿ ಕೂತು ಊರಿಗೆ ಕೇಳಿಸುವಂತೆ ಓದುತ್ತಿದ್ದೆ, ಅವಳು ಮಗ್ಗುಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಈಗ ಎಣಿಸಿ ನೋಡಿದರೆ ಕಾಕಾನ ಪ್ರವಾಸವೆಲ್ಲ ಸಾಲಿಯ ಪಠ್ಯಕ್ರಮದಂತೆಯೇ ನಡೆದಿತ್ತು. ನಾನು ಐದನೇ ಇಯತ್ತೆಯಲ್ಲಿದ್ದಾಗ ಮುಂಬೈ. ಆರನೆಯದಕ್ಕೆ ಏಷ್ಯಾ ಖಂಡ, ಏಡನ್. ಏಳನೆಯದಕ್ಕೆ ಆಫ್ರಿಕಾ. ನಾನು ಹೈಸ್ಕೂಲಿಗೆಂದು ಹಾಸ್ಟೆಲ್ಲಿಗೆ ಹೋದ ಮೇಲೆ ಕಾಗದಗಳು ನಿಂತಿದ್ದವು. ಓದಿ ಹೇಳುವವರು ಹೋದ ಮೇಲೆ ಪಾಪ, ಅವನಾದರೂ ಎಲ್ಲಿಗೆ ಹೋಗಬೇಕು? ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು.

ಅಳುವುದಕ್ಕೆ ಅವಳು ಒಂದು ದಾರಿ ಮಾಡಿಕೊಂಡಿದ್ದಳು. ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮ ವರ್ಷಕ್ಕೊಮ್ಮೆ ವಿಧವೆಯಾಗುತ್ತಾಳೆ. ಚಳಿಗಾಲದ ಒಂದು ಹುಣ್ಣಿಮೆಗೆ ರಂಡಿ ಹುಣ್ಣಿಮೆ ಎಂದೇ ಹೆಸರು; ಆ ದಿನ ದೇವಿಯ ಜೊತೆ ಹೆಂಗಸರು ಬಳೆ ತೆಗೆದು ಅಳುತ್ತಾರೆ. ಮುಂದೆ ಮುತ್ತೈದಿ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆ, ಹೆಂಗಸರಿಗೂ ಹೊಸ ಬಳೆ. ಚಿಗವ್ವ ಒಂದು ವರ್ಷವೂ ತಪ್ಪಿಸದೆ ಹೋಗುತ್ತಿದ್ದಳು. ಮೂಢನಂಬಿಕೆ ಎಂದು ಅಪ್ಪ ಅವಳಿಗೆ ಬೈದು ಬೈದು ಸಾಕಾಗಿದ್ದ. ಟೀಚರಾದ ಮೇಲೆ ನಾನೂ ಬೈದಿದ್ದೆ, ಬುದ್ಧಿವಂತಿಕೆಯ ಭಾಷಣ ಬಿಗಿದಿದ್ದೆ. ಅದನ್ನು ನೆನೆದು ನಾಚಿಕೆಯಾಯಿತು.

“ಗುಡ್ಡದಾಗ ಎಲ್ಲವ್ವನ ಹೆಸರ್ಲೆ ಅತ್ತೇನಿ, ಮಗಳ,” ಎಂದಳು. “ನನ್ನ ಗಂಡನ ಹೆಸರ್ಲೆ ಒಂದಿನಾರೆ ಅತ್ತಿಲ್ಲ.”

ಹಾಗಿದ್ದರೆ ಈಗ ಹೆಬ್ಬೆಟ್ಟು ಒತ್ತಲು ಯಾಕೆ ಹಿಂಜರಿಕೆ ಎಂದು ಮೆಲ್ಲಗೆ ಕೇಳಿದೆ. ಅವಳಿಗಿದ್ದ ಭಯ ಬೇರೆಯೇ. ಬಳೆ ಹೋಗುವುದಕ್ಕೆ ಅವಳು ಅಂಜಿರಲಿಲ್ಲ. ಸತ್ತ ಎಂದ ಕೂಡಲೇ ಎಲ್ಲಿ, ಯಾವಾಗ ಎಂದು ಕೇಳುತ್ತಾರೆ. ಸತ್ತವನ ಬೆನ್ನು ಹತ್ತಿಸಿ ನಮ್ಮ ಅಪ್ಪ ಅವ್ವನನ್ನು ಕಳಿಸಿದೆಯಲ್ಲ ಎಂದು ಆ ಹದಿನಾಲ್ಕು ಮನೆಯ ಮಕ್ಕಳು ಬಂದು ಕೇಳಿದರೆ ತಾನೇನು ಹೇಳಲಿ ಎಂದಳು. ಹೋದವರಲ್ಲಿ ಹಡಗಿನ ಭಾರದಡಿ ಸಿಕ್ಕವರಿದ್ದರು, ಕಟ್ಟಡದಿಂದ ಬಿದ್ದವರಿದ್ದರು. ಪ್ರತಿ ಸಾವಿನ ಸುದ್ದಿ ಬಂದಾಗಲೂ ಅದನ್ನು ತನ್ನ ಲೆಕ್ಕಕ್ಕೇ ಹಾಕಿಕೊಂಡು ಅವಳು ಐವತ್ತು ವರ್ಷ ಕಳೆದಿದ್ದಳು.

ನಾನೊಂದು ಉಪಾಯ ಹೇಳಿದೆ. ಹೆಬ್ಬೆಟ್ಟು ಒತ್ತು, ಉಳಿದದ್ದು ನಮ್ಮಿಬ್ಬರಲ್ಲೇ ಇರಲಿ, ಹಡಗಿನಲ್ಲಿ ಹೋದವನು ಬರಲಿಲ್ಲ ಎಂದಷ್ಟೇ ಬರೆಯೋಣ ಎಂದೆ. ಜನ ನಂಬಿದ್ದಾರೆ, ಮೂರ್ತಿಯ ಕೈಯಲ್ಲಿ ಹಡಗೂ ಇದೆ. ಚಿಗವ್ವ ನನ್ನನ್ನು ದಿಟ್ಟಿಸಿ ನೋಡಿದಳು.

“ಸತ್ತಾನಂತ ಬರದ್ರ ಎಲ್ಲಿ ಸತ್ತಾನಂತನೂ ಬರಿ. ನನ್ನ ಸುಳ್ಳ ಬಾಯಾಗ ಇತ್ತು, ಬಾಯಾಗನ ಹೋಗ್ಲಿ. ಅದಕ್ಕ ಕಲ್ಲ ಬ್ಯಾಡ.”

ಮುಂದಿನ ವಾರ ಗುತ್ತಿಗೆದಾರನನ್ನು ಕರೆಸಿದೆವು. ಚಿಗವ್ವ ಬೇವಿನ ಮರದ ಕೆಳಗೆ ಕೂತೇ, ತಲೆ ತಗ್ಗಿಸಿಕೊಂಡು, ನನಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದಳು. ಮೊದಲು ನಿಂತು ಕೇಳುತ್ತಿದ್ದವನು ಗೌಳಿಯ ಮಾತು ಬಂದಾಗ ಕುಕ್ಕರುಗಾಲಲ್ಲಿ ಕೂತ. ಅವನ ಅಪ್ಪ ಆ ಹದಿನಾಲ್ಕು ಮನೆಯವರಲ್ಲೊಬ್ಬ.

“ನಮ್ಮಪ್ಪ ಸಾಯೂತನಕ, ಹಡಗ ಬಂದಾಗೊಮ್ಮೆ ಜೆಟ್ಟಿಗೆ ಹೋಗಿ 'ನಮ್ಮಾಂವ ಬಂದಾನೇನ್ರಿ' ಅಂತ ಕೇಳತಿದ್ದ, ಆಯಿ,” ಎಂದ. ಚಿಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನು ಕೈಯಿಂದ ಮಣ್ಣು ಕೆದರುತ್ತ, ತಡೆದು ತಡೆದು, “ಖರೆ, ಅಂವಾ ಸತ್ತದ್ದ ಗೊತ್ತಾಗಿದ್ರ ನಮ್ಮಪ್ಪ ಊರ ಬಿಡತಿದ್ದಿಲ್ಲ. ನಾ ಇವತ್ತ ಇಲ್ಲೇ ಹಲಗಿ ಬಾರಸ್ತಿದ್ನಿ,” ಎಂದು ಅವಳ ಕಾಲು ಮುಟ್ಟಿದ.

ಆಮೇಲೆ ಅವನ ಉತ್ಸಾಹ ಹಿಡಿಯುವವರಿಲ್ಲ. ಕಾಕಾನ ಮಗ್ಗುಲಿಗೆ ನಿನ್ನದೂ ಒಂದು ಮೂರ್ತಿ ಮಾಡಿಸುತ್ತೇವೆ ಎಂದ. ಬದುಕಿರುವವರದು ಮಾಡಲು ಬರುವುದಿಲ್ಲವಂತಲ್ಲ, ನಾನಿನ್ನೂ ಶೇಂಗಾ ಮಾರಬೇಕು ಎಂದು ಚಿಗವ್ವ ಅವನ ಬಾಯಿ ಮುಚ್ಚಿಸಿದಳು. ಮೂರ್ತಿಯ ಕೈಯಲ್ಲಿದ್ದ ಹಡಗನ್ನು ಒಡೆಸಿ ತೆಗೆಸುವುದೇ ಎಂದು ಅವನು ಕೇಳಿದ. ಬೇಡವೆಂದಳು. ಮೊದಲ ಸಲ ಬಂದಾಗ ಕಾಕಾ ಮೂರು ದಿನ ಬರೀ ಹಡಗಿನ ಮಾತೇ ಆಡಿದ್ದನಂತೆ. ಹತ್ತಬೇಕೆಂದು ಅವನಿಗೆ ಬಹಳ ಆಸೆಯಿತ್ತಂತೆ.

ಬೈಲಹೊಂಗಲದ ವಕೀಲರ ಕೋಣೆಯಲ್ಲಿ ಅವಳು ಹೆಬ್ಬೆಟ್ಟು ಒತ್ತಿದಳು. ಕೋರ್ಟಿನ ಕೆಲಸಕ್ಕೆ ಕೆಲವು ತಿಂಗಳು ಹಿಡಿಯಿತು. ಆದೇಶ ಕೈಗೆ ಬಂದ ದಿನ ನನ್ನ ಮನೆಗೆ ಬಂದು, ಬಳೆ ತೆಗೆ ಎಂದು ಕೈ ಮುಂದೆ ಮಾಡಿದಳು. ನನಗೆ ಕೈ ಬರಲಿಲ್ಲ. ತೆಗೆಯುವುದೇ ಬೇಡ, ಇದ್ದರೆ ಯಾರಿಗೇನು ತೊಂದರೆ ಎಂದು ವಾದ ಮಾಡಿದೆ. ಅವಳು ಕೇಳಲಿಲ್ಲ. ಬಚ್ಚಲಲ್ಲಿ ಕೂಡಿಸಿ, ಸಾಬೂನು ಹಚ್ಚಿ, ಒಂದೊಂದಾಗಿ ಸರಿಸಿ ತೆಗೆದೆ. ಒಂದೂ ಒಡೆಯಲಿಲ್ಲ. ಮಣಿಕಟ್ಟಿನಲ್ಲಿ ಬಳೆ ಇದ್ದಷ್ಟು ಜಾಗ ಬೆಳ್ಳಗೆ, ನುಣ್ಣಗೆ ಇತ್ತು. ಅವಳು ಅದನ್ನು ಮತ್ತೆ ಮತ್ತೆ ಉಜ್ಜಿ ನೋಡಿಕೊಂಡಳು.

ಕಲ್ಲಿಗೆ ನಾನು ಬೇರೆ ನಾಲ್ಕು ಸಾಲು ಬರೆದುಕೊಟ್ಟೆ. ಗೋವಾದ ಹಾದಿಯನ್ನು ಮೊದಲು ನಡೆದವನು. ಎರಡನೇ ಸಲ ಹೋಗುವಾಗ ಘಟ್ಟದ ಮೇಲಿನ ಹಳ್ಳದಲ್ಲಿ ತೀರಿಕೊಂಡನು. ಆ ಹಾದಿಯನ್ನು ಅವನ ಹೆಂಡತಿ ಬಾಯಿಂದ ಹೇಳಿ ಹದಿನಾಲ್ಕು ಮನೆಯವರನ್ನು ಕಳಿಸಿದಳು. ಕಟ್ಟಿಸಿದವರು ಆ ಮನೆಗಳ ಮಕ್ಕಳು. ಓದಿ ಹೇಳಿದಾಗ ಮೂರನೆಯ ಸಾಲು ತೆಗೆ ಎಂದು ಚಿಗವ್ವ ಹಟ ಹಿಡಿದಳು. ನಾನು ತೆಗೆಯಲಿಲ್ಲ.

ಅನಾವರಣದ ದಿನ ಗೋವಾದಿಂದ ಮೂರು ಬಸ್ಸು ಬಂದಿದ್ದವು. ಪೆಂಡಾಲು, ಮೈಕು, ಶಾಲು, ಭಾಷಣಕ್ಕೆ ಕಾದು ಕೂತ ಹಿರಿಯರು, ಎಲ್ಲ ಇತ್ತು. ಗುತ್ತಿಗೆದಾರ ಪರದೆ ಎಳೆದ. ಮಂದಿ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಚಿಗವ್ವ ಎದ್ದು ಹೋಗಿ, ಮೂರ್ತಿಯ ಬುಡದಲ್ಲಿ ಕಾಲು ಚಾಚಿ ಕೂತು, ಹಣೆಗೆ ಕೈ ಹಚ್ಚಿ ದನಿ ತೆಗೆದಳು.

ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಹಾಡಿಕೊಂಡು ಅಳುತ್ತಾರೆ. ಸತ್ತವನ ಬದುಕನ್ನೆಲ್ಲ ಹೇಳಿ ಹೇಳಿ ಅಳುತ್ತಾರೆ. ಅವಳು ಹಾಗೆ ಅತ್ತಳು. ಗೋಡೆಗೆ ತೂಗುಹಾಕಿದ ಹಲಗೆ, ಒಣಮೀನಿನ ಗಂಟು, ಉಕ್ಕಿದ ಹಳ್ಳ, ಕುಣಿ ತೋಡಿದ ಪುಣ್ಯಾತ್ಮ, ತಾನು ಹೇಳಿದ ಒಂದೊಂದು ಸುಳ್ಳು, ಒಂದನ್ನೂ ಬಿಡಲಿಲ್ಲ. ಇಡೀ ಕೇರಿ ಐವತ್ತು ವರ್ಷದ ಹಿಂದೆ ಕೇಳಬೇಕಾಗಿದ್ದ ಅಳು ಅದು. ಮೈಕಿನವನು ತಾನಾಗಿಯೇ ಮೈಕು ಬಂದ್ ಮಾಡಿದ. ಗೋವಾದಿಂದ ಬಂದ ಹೆಂಗಸರು ಒಬ್ಬೊಬ್ಬರೇ ಹೋಗಿ ಅವಳ ಸುತ್ತ ಕೂತರು. ಪರ ಊರಿನ ಆಸ್ಪತ್ರೆಯಲ್ಲಿ, ಯಾವುದೋ ಕಟ್ಟಡದ ಬುಡದಲ್ಲಿ, ಗಟ್ಟಿಯಾಗಿ ಅಳಲೂ ಆಗದೆ ತಮ್ಮವರನ್ನು ಕಳೆದುಕೊಂಡವರು ಅವರು. ಅವರೂ ದನಿಗೂಡಿಸಿದರು.

ನಾನು ದೂರ ನಿಂತಿದ್ದೆ. ನನ್ನ ಗಂಡ ತೀರಿಕೊಂಡಾಗ ನಾನು ಹೀಗೆ ಅತ್ತಿರಲಿಲ್ಲ. ಶಿಷ್ಯರು ಬಂದು ನಿಂತಿದ್ದರು, ಸಹೋದ್ಯೋಗಿಗಳಿದ್ದರು, ಟೀಚರು ಬಾಯಿ ಮಾಡಿ ಅಳುವುದೇ ಎಂದು ತುಟಿ ಕಚ್ಚಿಕೊಂಡಿದ್ದೆ. ಆಮೇಲೆ ಬಚ್ಚಲಲ್ಲಿ ನಳ ಬಿಟ್ಟುಕೊಂಡು ಅತ್ತದ್ದೆಷ್ಟೋ ಅಷ್ಟೇ. ಹೇಗೋ ಮೂರ್ತಿಯ ತನಕ ಹೋಗಿ ಚಿಗವ್ವನ ಪಕ್ಕ ಕೂತೆ. ದನಿ ಬರಲಿಲ್ಲ.

ಅವಳು ಅಳುವುದನ್ನು ನಡುವೆ ನಿಲ್ಲಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಕಡೆ ಹೊರಳಿದಳು.

“ಅಳ ಮಗಳ,” ಎಂದಳು. “ನನಗ ಹದಿನಾಕ ಮನಿ ಅಡ್ಡ ಇದ್ದೂ. ನಿನಗೇನ ಅಡ್ಡ ಐತಿ?”

ನನಗೆ ಏನೂ ಅಡ್ಡ ಇರಲಿಲ್ಲ. ಬಾಯಿ ಬಿಟ್ಟು, ಗಂಡನ ಹೆಸರು ಹಿಡಿದು, ಕ್ರಾಸಿನ ಮಂದಿಯೆಲ್ಲ ನೋಡುತ್ತಿರುವಾಗಲೇ ಅತ್ತೆ.